ಅಪ್ಪ ಅರಗು ಹಾಕಿಟ್ಟ ಸ್ಪೀಡು

ನನ್ನ ಅಮ್ಮನ ಸ್ವರ ನನಗೆ ಗೊತ್ತಾದದ್ದು ಒಂದು ರೆಕಾರ್ಡಿನಿಂದ. ಅವಳು ತೀರಿಕೊಂಡಾಗ ನನಗೆ ಎರಡು ವರ್ಷವೂ ತುಂಬಿರಲಿಲ್ಲವಂತೆ. ಮುಖಕ್ಕೆ ಮದುವೆಯ ಫೋಟೋ ಇತ್ತು. ಅದರಲ್ಲಿ ಅವಳು ಆ ಕಾಲದ ಎಲ್ಲ ಮದುವಣಗಿತ್ತಿಯರ ಹಾಗೆ ತುಟಿ ಬಿಗಿದು ನಿಂತಿದ್ದಾಳೆ. ಆ ಮುಚ್ಚಿದ ಬಾಯಿಗೆ ರೆಕಾರ್ಡಿನ ಸ್ವರವನ್ನು ಜೋಡಿಸಿ ನನಗೊಬ್ಬ ಅಮ್ಮನನ್ನು ಮಾಡಿಕೊಂಡೆ. ಎಂಬತ್ತು ದಾಟುವವರೆಗೂ ಅವಳೇ ನನ್ನ ಅಮ್ಮನಾಗಿದ್ದಳು.

ರೆಕಾರ್ಡಿನ ಕತೆ ಸಣ್ಣದು. ಅಮ್ಮ ಮಂಗಳೂರಿನ ಬೋರ್ಡಿಂಗ್ ಶಾಲೆಯಲ್ಲಿದ್ದಾಗ, ಯಾವುದೋ ಚಿಕ್ಕ ಕಂಪೆನಿಯವರು ಯಂತ್ರ ಹೊತ್ತುಕೊಂಡು, ಹಾಡುವವರನ್ನು ಹುಡುಕುತ್ತ ಊರೂರು ತಿರುಗಿ ಅಲ್ಲಿಗೂ ಬಂದರಂತೆ. ಶಾಲೆಯ ಮ್ಯೂಸಿಕ್ ಮಿಸ್ ತಾನೇ ರಾಗ ಹಾಕಿದ ಒಂದು ಪ್ರಾರ್ಥನೆಯನ್ನು ಅಮ್ಮನಿಂದ ಹಾಡಿಸಿದರು. ಆಗ ಅಮ್ಮನಿಗೆ ಹದಿನಾರು. ಮಿಸ್ಸಿಗೆ ಹಾರ್ಮೋನಿಯಂ ಎರಡೂ ಕೈಯಲ್ಲಿ ನುಡಿಸಬೇಕಿತ್ತು. ಹಾಗಾಗಿ ಅದರ ತಿದಿ ಒತ್ತುವ ಕೆಲಸಕ್ಕೆ, ಅದೇ ಶಾಲೆಯ ಕೆಳಗಿನ ಕ್ಲಾಸಿನಲ್ಲಿದ್ದ ಅಮ್ಮನ ತಂಗಿಯನ್ನು, ಅಂದರೆ ನನ್ನ ಚಿಕ್ಕಮ್ಮನನ್ನು, ಎದುರು ಕೂರಿಸಿದರು. ಮೂರು ನಿಮಿಷದ ಹಾಡು. ರೆಕಾರ್ಡಿನ ಒಂದು ಬದಿಯಲ್ಲಿ ಅಮ್ಮ, ಇನ್ನೊಂದು ಬದಿಯಲ್ಲಿ ಹುಡುಗಿಯರ ಗುಂಪು. ಕಂಪೆನಿ ಬೇಗ ಬಾಗಿಲು ಹಾಕಿತು. ರೆಕಾರ್ಡು ಮಾತ್ರ ಅಮ್ಮನ ಟ್ರಂಕಿನಲ್ಲಿ, ಸೀರೆಗಳ ನಡುವೆ, ಪುತ್ತೂರಿಗೆ ಬಂತು.

ಅವಳು ಬದುಕಿರುವವರೆಗೆ ಮನೆಯಲ್ಲಿ ಗ್ರಾಮೊಫೋನ್ ಇರಲಿಲ್ಲ. ಹಾಡುವವಳೇ ಇರುವಾಗ ಪೆಟ್ಟಿಗೆ ಯಾಕೆ? ಅವಳು ಹೋದ ಮೇಲೆ ಅಪ್ಪ, ಊರು ಬಿಟ್ಟು ಹೊರಟ ಒಬ್ಬ ತೋಟದ ದೊರೆಯ ಬಂಗಲೆಯಿಂದ ಕೀ ಕೊಡುವ ಪೆಟ್ಟಿಗೆಯೊಂದನ್ನು ತಂದರು. ತಟ್ಟೆ ತಿರುಗುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಲಿವರ್. ಅದರ ಒಂದು ತುದಿಗೆ ಸ್ಲೋ, ಇನ್ನೊಂದು ತುದಿಗೆ ಫಾಸ್ಟ್ ಎಂದು ಬರೆದಿತ್ತು. ನಡುವೆ ಗೆರೆಗಳಿದ್ದವು, ಅಂಕೆಗಳು ಮಾಸಿಹೋಗಿದ್ದವು.

ಮುಂದಿನದ್ದನ್ನು ಅಜ್ಜಿ, ಅಪ್ಪನ ತಾಯಿ, ನನಗೆ ಎಷ್ಟೋ ಸಲ ಹೇಳಿದ್ದಾರೆ. "ನಿನ್ನ ಅಪ್ಪ ಒಂದು ಭಾನುವಾರ ಚರ್ಚಿಗೂ ಹೋಗದೆ ಅದರ ಎದುರು ಕೂತ ಮಾರಾಯ್ತಿ. ಆ ಕಡ್ಡಿ ಸ್ವಲ್ಪ ಆಚೆ, ಸ್ವಲ್ಪ ಈಚೆ. ಅಲ್ಲ ಅಂತ ತಲೆ ಆಡಿಸುದು, ಪುನಃ ಸೂಜಿ ಇಡುದು. ಗಂಜಿ ತಣ್ಣಗಾಯ್ತು. ಮತ್ತೆ ಒಮ್ಮೆಗೇ, 'ಹಾಂ, ಇದು ಅವಳು' ಅಂತ ಹೇಳಿ ಎದ್ದು ಹೊರಗೆ ಹೋದ. ನಾನು ಹಿಂದೆ ಹೋಗ್ಲಿಲ್ಲ."

ಅಪ್ಪ ಪೋಸ್ಟಾಫೀಸಿನಲ್ಲಿ ಗುಮಾಸ್ತರು. ಪಾರ್ಸೆಲ್ಲುಗಳಿಗೆ ಸೀಲು ಒತ್ತುವ ಕೆಂಪು ಅರಗಿನ ತುಂಡೊಂದನ್ನು ಕರಗಿಸಿ, ಲಿವರಿನ ಎರಡೂ ಬದಿಗೆ ಒಂದೊಂದು ಹನಿ ಬಿಟ್ಟರು. ಅದು ಮತ್ತೆ ಅಲುಗಲಿಲ್ಲ. ಅಲುಗಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರ ಚರ್ಚ್ ಮುಗಿದು ಊಟವಾದ ಮೇಲೆ ಪೆಟ್ಟಿಗೆ ತೆರೆಯುತ್ತಿದ್ದರು. ಮೊದಲು ಬೇರೆ ಎರಡು ಮೂರು ರೆಕಾರ್ಡು, ಕೊನೆಗೆ ಅಮ್ಮನದ್ದು. ಉಳಿದವಕ್ಕೆ ಅಂಗಡಿಯ ಸ್ಟೀಲ್ ಸೂಜಿ ನಡೆಯುತ್ತಿತ್ತು. ಅಮ್ಮನ ರೆಕಾರ್ಡಿಗೂ ಮೊದಮೊದಲು ಅದನ್ನೇ ಹಾಕುತ್ತಿದ್ದರಂತೆ. ಗೆರೆ ಸವೆಯುತ್ತದೆಂದು ಯಾರೋ ಹೇಳಿದ ಮೇಲೆ ಅಪ್ಪ ಅವಳಿಗೆ ಮಾತ್ರ ನಿಂಬೆ ಗಿಡದ ಮುಳ್ಳು ಹಾಕತೊಡಗಿದರು. ಬಾವಿಯ ಹತ್ತಿರದ ಗಿಡದಿಂದ ಒಣಗಿದ ಮುಳ್ಳು ಆರಿಸಿ ತರುವುದು ನನ್ನ ಕೆಲಸ. ಹಸಿಯದ್ದು ತಂದರೆ, "ಇದು ಹಾಡುದಿಲ್ಲ ಮಗಾ, ಬರೇ ಅಳ್ತದೆ" ಎನ್ನುತ್ತಿದ್ದರು. ಬ್ಲೇಡಿನಿಂದ ತುದಿಯನ್ನು ಓರೆಯಾಗಿ ಕತ್ತರಿಸಿ, ಹೆಬ್ಬೆರಳ ಉಗುರಿನ ಮೇಲೆ ಚೂಪು ನೋಡಿ, ಮೆಲ್ಲಗೆ ಇಳಿಸುತ್ತಿದ್ದರು. ಮೊದಲು ಮರಳು ಜರಡಿ ಹಿಡಿದಂಥ ಸದ್ದು. ಅದರೊಳಗಿನಿಂದ ಅಮ್ಮ ಬರುತ್ತಿದ್ದಳು.

ದಪ್ಪ, ಗಂಭೀರ ಸ್ವರ. ಸ್ವಲ್ಪ ಒಡಕು, ತುಂಬ ನಿಧಾನ. ಪ್ರತಿ ಸಾಲಿನ ಕೊನೆಯಲ್ಲೂ ಉಸಿರು ಭಾರವಾಗಿ ಇಳಿಯುತ್ತಿತ್ತು. ನನ್ನ ಕ್ಲಾಸಿನ ಹುಡುಗಿಯರ ಅಮ್ಮಂದಿರು ಕಿರಿಚಿ ಮಾತಾಡುವುದನ್ನು ಕೇಳಿದಾಗಲೆಲ್ಲ, ನನ್ನ ಅಮ್ಮ ಹೀಗೆ ಕಿರಿಚುತ್ತಿರಲಿಲ್ಲ ಎಂದು ನನಗೆ ಒಳಗೊಳಗೇ ಜಂಬ. ಜ್ವರ ಬಂದಾಗ, ಪರೀಕ್ಷೆಯಲ್ಲಿ ಮಾರ್ಕು ಕಮ್ಮಿಯಾದಾಗ, ದೊಡ್ಡವಳಾದ ದಿನ, ನಾನು ಆ ಸ್ವರದಲ್ಲಿ ನನ್ನೊಡನೆ ಮಾತಾಡಿಕೊಂಡಿದ್ದೇನೆ. "ಆಗ್ತದೆ ಮಗಾ, ಎಲ್ಲ ಸರಿ ಆಗ್ತದೆ." ಅಮ್ಮ ಹೀಗೆ ಹೇಳಿದ್ದಳೋ ಇಲ್ಲವೋ, ಸ್ವರ ಅವಳದೇ ಎಂಬ ನಂಬಿಕೆ.

ಅಮ್ಮನಿಗೆ ಏನಾಗಿತ್ತು ಎಂದು ಕೇಳಿದರೆ "ಜ್ವರ" ಎನ್ನುತ್ತಿದ್ದರು. ಅಷ್ಟೇ. ಆ ಒಂದು ಶಬ್ದದ ಆಚೆ ನಮ್ಮ ಮನೆಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ಚಿಕ್ಕಮ್ಮ ಕಾಡಿನ ಅಂಚಿನ ಗುತ್ತಿಗಾರಿಗೆ ಮದುವೆಯಾಗಿ ಹೋದವರು. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿನ ಹೊತ್ತಿಗೆ ಬಂದು ನಮ್ಮಲ್ಲಿ ಉಳಿಯುತ್ತಿದ್ದರು. ಅಪ್ಪ ಅಮ್ಮನ ರೆಕಾರ್ಡನ್ನು ಕವರಿನಿಂದ ತೆಗೆಯುವುದನ್ನು ಕಂಡ ಕೂಡಲೇ ಅವರು ಎದ್ದುಬಿಡುತ್ತಿದ್ದರು. "ಬಟ್ಟೆ ನೆನೆಸಿಟ್ಟಿದ್ದೇನೆ" ಎಂದೋ, "ಕೋಳಿಗಳಿಗೆ ನೀರಿಟ್ಟಿದ್ದಾರೋ ಇಲ್ಲವೋ" ಎಂದೋ ಹೇಳಿ ಬಾವಿಕಟ್ಟೆಗೆ ಹೋಗಿ ನಿಲ್ಲುತ್ತಿದ್ದರು. ಹಾಡು ಮುಗಿದ ಮೇಲೆಯೇ ಒಳಗೆ ಬರುವುದು.

ಅಜ್ಜಿ ಬಿಡುತ್ತಿರಲಿಲ್ಲ. "ಒಡಹುಟ್ಟಿದವಳ ಸ್ವರ ಕೇಳ್ಲಿಕ್ಕೆ ಮೂರು ನಿಮಿಷ ಪುರುಸೊತ್ತಿಲ್ಲ ಇವಳಿಗೆ. ನಮ್ಮ ಕೋಳಿಗಳ ಮೇಲೆ ಎಂತಾ ಪ್ರೀತಿ ನೋಡಿ!"

ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸುಮ್ಮನೆ ಅಡುಗೆಮನೆಗೆ ಹೋಗುತ್ತಿದ್ದರು. ಕಲ್ಲುಮನಸ್ಸಿನವರು ಎಂದು ನಾನೂ ತೀರ್ಮಾನಿಸಿದ್ದೆ.

ಅಮ್ಮನ ಹಾಗೆಯೇ ನನ್ನನ್ನೂ ಮಂಗಳೂರಿಗೆ ಕಳಿಸಿದರು, ಕಾನ್ವೆಂಟಿಗೆ. ಅಲ್ಲಿ ಸಿಸ್ಟರುಗಳ ರಿಕ್ರಿಯೇಷನ್ ಹಾಲಿನಲ್ಲಿ ಒಂದು ಗ್ರಾಮೊಫೋನ್ ಇತ್ತು. ಒಂದು ಸಂಜೆ ನಮ್ಮ ಮನೆಯಲ್ಲಿದ್ದ ಪಿಯಾನೋ ರೆಕಾರ್ಡೊಂದನ್ನೇ ಅವರೂ ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. ಪಿಯಾನೋದವನಿಗೆ ಬಸ್ಸು ತಪ್ಪುವ ಗಡಿಬಿಡಿ ಇದ್ದ ಹಾಗಿತ್ತು.

"ಸಿಸ್ಟರ್, ಯುವರ್ ಗ್ರಾಮೊಫೋನ್ ಈಸ್ ರನ್ನಿಂಗ್ ಅವೇ" ಎಂದೆ.

"ನೋ, ಮೈ ಚೈಲ್ಡ್. ಯುವರ್ಸ್ ಮಸ್ಟ್ ಬಿ ಫಾಲಿಂಗ್ ಅಸ್ಲೀಪ್" ಎಂದರು ಅವರು. ಇಡೀ ಹಾಲ್ ನಕ್ಕಿತು.

ರಜೆಯಲ್ಲಿ ಅಪ್ಪನಿಗೆ ದೂರು ಕೊಟ್ಟೆ. ಅಪ್ಪ ಮುಳ್ಳು ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅವರದ್ದು ಅವರಿಗೆ. ನಮ್ಮದು ಸರಿ ಉಂಟು. ಅರಗು ಕಾಣುದಿಲ್ವಾ ನಿಂಗೆ?" ಎಂದರು. ಅರಗು ಕಂಡಿತು. ಪೋಸ್ಟಾಫೀಸಿನ ಅರಗು ಒತ್ತಿದ ಮೇಲೆ ಪಾರ್ಸೆಲ್ಲನ್ನು ಯಾರೂ ಪ್ರಶ್ನಿಸುವುದಿಲ್ಲ. ನಮ್ಮ ಮನೆಯ ಪಿಯಾನೋ ನಿಧಾನವಾದರೆ ಅಮ್ಮನೂ ನಿಧಾನವಾಗಿರಬೇಕಲ್ಲ ಎಂಬ ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ. ಮುಂದೆ ನಲವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿದೆ, ಆಗಲೂ ಹೊಳೆಯಲಿಲ್ಲ. ಕೆಲವು ಕೋಣೆಗಳಿಗೆ ಮನಸ್ಸು ತಾನಾಗಿ ಹೋಗುವುದಿಲ್ಲ.

ಅಪ್ಪ ಹೋದ ಮೇಲೆ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಕೆಲವು ವರ್ಷ ಹಾಡಿತು. ಒಂದು ದಿನ ಒಳಗೆ ಏನೋ ಕಟ್ಟೆಂದು ಸ್ಪ್ರಿಂಗ್ ತುಂಡಾಯಿತು. ಸಂಸಾರ, ಶಾಲೆ, ಯಜಮಾನರ ಕಾಯಿಲೆ, ಅವರ ಅಗಲಿಕೆ. ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿ ಟೆಲಿಫೋನ್ ಇಟ್ಟೆವು, ಮತ್ತೆ ಟೆಲಿಫೋನೂ ಹೋಯಿತು. ಅಮ್ಮನ ಸ್ವರ ಬೇಕಾದಾಗ ನೆನಪಿನಿಂದಲೇ ತೆಗೆದು ಕೇಳಿಕೊಳ್ಳುತ್ತಿದ್ದೆ. ಕಳೆದ ವರ್ಷ ಒಂದು ಬೆಳಗ್ಗೆ ಅದು ಬರಲಿಲ್ಲ. ಹಾಡಿನ ಶಬ್ದಗಳು ಬಂದವು, ರಾಗ ಬಂತು, ಆದರೆ ಹಾಡುತ್ತಿದ್ದದ್ದು ನನ್ನದೇ ಮುದಿ ಗಂಟಲು. ನನಗೆ ತುಂಬ ಹೆದರಿಕೆಯಾಯಿತು. ಸಾಯುವುದರೊಳಗೆ ಒಮ್ಮೆ ಅವಳನ್ನು ಕೇಳಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ.

ಬೆಳ್ಳಾರೆಯ ಸಾಹೇಬರ ಬಗ್ಗೆ ಹೇಳಿದ್ದು ನಮ್ಮ ಆಟೋದವನು. ಮನೆತನದ ಅಡಿಕೆ ವ್ಯಾಪಾರ. ಗಲ್ಫಿನಲ್ಲಿ ಬಹಳ ವರ್ಷ ಇದ್ದು ವಾಪಸ್ಸು ಬಂದವರು. ಪೇಟೆಯಲ್ಲಿ ಅಡಿಕೆ ಗೋದಾಮಿನ ಮೇಲಿನ ಮಾಳಿಗೆ ತುಂಬ ಹಳೇ ಗ್ರಾಮೊಫೋನುಗಳನ್ನು ಸೇರಿಸಿಟ್ಟಿದ್ದಾರೆ. ಪೆಟ್ಟಿಗೆ, ರೆಕಾರ್ಡು ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿ ನೋಡಿದರೆ ಅವರ ಮಗಳು ನನ್ನ ಹಳೇ ಸ್ಟೂಡೆಂಟು.

"ಟೀಚರ್, ನೀವಾ! ಬನ್ನಿ ಬನ್ನಿ" ಎಂದು ಸಾಹೇಬರು ಕುರ್ಚಿ ಒರೆಸಿದರು. ಅವರ ಹೆಂಡತಿ ಚಹಾ ತಂದಿಟ್ಟು, "ಟೀಚರ್, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಇವ್ರಿಗೆ ಇದು ಎರಡನೇ ಸಂಸಾರ. ಇದಕ್ಕೆ ಎಣ್ಣೆ ಹಚ್ಚುದನ್ನು ನೋಡಿದ್ರೆ ನಂಗೇ ಹೊಟ್ಟೆಕಿಚ್ಚು ಆಗ್ತದೆ" ಎಂದರು.

"ಇದು ತಿರುಗಿ ಮಾತಾಡುದಿಲ್ಲ ಅಲ್ವಾ, ಅದಕ್ಕೆ ಎಣ್ಣೆ" ಎಂದರು ಸಾಹೇಬರು.

ಸ್ಪ್ರಿಂಗ್ ಅವರಲ್ಲಿತ್ತು, ಹಾಕಿಕೊಡುತ್ತೇನೆಂದರು. ಅರಗನ್ನು ಮುಟ್ಟಬಾರದು ಎಂದೆ. ಯಾಕೆಂದು ಕೇಳಿದ್ದಕ್ಕೆ ಅಪ್ಪನ ಕತೆ ಹೇಳಿದೆ. ಅವರು ಸುಮ್ಮನೆ ಕೇಳಿ, ರೆಕಾರ್ಡನ್ನು ಎರಡು ಅಂಗೈಗಳ ನಡುವೆ ಅಂಚಿನಲ್ಲೇ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಭೂತಗನ್ನಡಿ ಇಟ್ಟು ನನಗೂ ತೋರಿಸಿದರು. ಅಷ್ಟು ಹತ್ತಿರದಿಂದ ನಾನು ಆ ಗೆರೆಗಳನ್ನು ಯಾವತ್ತೂ ನೋಡಿರಲಿಲ್ಲ. ಒಂದೇ ಗೆರೆ, ಸುತ್ತಿ ಸುತ್ತಿ ಒಳಗೆ ಹೋಗುತ್ತದೆ, ಮೈಯೆಲ್ಲ ಸಣ್ಣ ನಡುಕ.

"ಇದು ಎಡಬಲಕ್ಕೆ ಆಡುವ ಗೆರೆ, ನಮ್ಮ ಸಂಪಾಜೆ ಘಾಟಿಯ ತಿರುವಿನ ಹಾಗೆ" ಎಂದರು. "ಇನ್ನೂ ಹಿಂದಿನ ಕೆಲವು ಕಂಪೆನಿಯವರದ್ದು ರೋಡಿನ ಹೊಂಡದ ಹಾಗೆ ಮೇಲೆ ಕೆಳಗೆ. ಅದಕ್ಕೆ ಸೂಜಿಯೇ ಬೇರೆ. ಕೆಲವು ರೆಕಾರ್ಡು ಒಳಗಿಂದ ಶುರುವಾಗಿ ಹೊರಗೆ ಬರುದು. ಒಬ್ಬೊಬ್ಬನದ್ದು ಒಂದೊಂದು ಪದ್ಧತಿ ಟೀಚರ್."

"ನಮ್ಮದು ಪೂರಾ ಸವೆದಿದೆಯಾ?"

"ಗೆರೆಯ ಮೇಲಿನ ಗೋಡೆ ಸವೆದದ್ದು ಹೌದು. ಸ್ಟೀಲ್ ಸೂಜಿ, ಮತ್ತೆ ನಿಮ್ಮ ಅಪ್ಪನ ಮುಳ್ಳು, ಎಲ್ಲ ಓಡಿದ್ದು ಅಲ್ಲೇ. ಆದ್ರೆ ನನ್ನಲ್ಲಿ ಇದಕ್ಕಿಂತ ಸಪೂರದ ಸೂಜಿ ಉಂಟು. ಅದು ಇನ್ನೂ ಕೆಳಗೆ ಕೂರ್ತದೆ. ಅಲ್ಲಿ ಇಷ್ಟರವರೆಗೆ ಯಾರೂ ಮುಟ್ಲಿಲ್ಲ."

ಯಾರೂ ಮುಟ್ಟದ ಜಾಗದಲ್ಲಿ ಅಮ್ಮನ ಸ್ವರ ಇನ್ನೂ ಇದೆ ಎಂದು ಕೇಳಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಅವರು ತಮ್ಮ ಕರೆಂಟಿನ ಯಂತ್ರದ ಮೇಲೆ ರೆಕಾರ್ಡು ಇಟ್ಟು, ಆ ಸಪೂರದ ತೆಳು ಸೂಜಿ ಹಾಕಿ, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿಗೆ ತಿರುಗಿಸಿಟ್ಟರು. ನಾನು ಕಣ್ಣು ಮುಚ್ಚಿ ಕೂತೆ.

ಒಬ್ಬ ಹುಡುಗಿ ಹಾಡಿದಳು. ತೆಳ್ಳಗಿನ, ಹಗುರ ಸ್ವರ. ಉಸಿರು ಕಟ್ಟುವುದಿಲ್ಲ, ಎಲ್ಲೂ ಒಡಕಿಲ್ಲ. ಕೊನೆಯ ಸಾಲಿನ ಮೇಲಿನ ಸ್ವರವನ್ನು ಆಟದಂತೆ ಹತ್ತಿ ಇಳಿದಳು.

"ಇದು ನಮ್ಮ ರೆಕಾರ್ಡು ಅಲ್ಲ" ಎಂದೆ.

"ನಿಮ್ಮದೇ ಟೀಚರ್. ನಿಮ್ಮೆದುರೇ ಇಟ್ಟದ್ದಲ್ವಾ?"

"ಹಾಗಾದರೆ ಸ್ಪೀಡ್ ತಪ್ಪಿದೆ. ನನ್ನ ಅಮ್ಮ ಹೀಗಲ್ಲ."

ಅವರು ಬೇಸರಿಸಲಿಲ್ಲ. ಯಂತ್ರದ ಗುಂಡಿ ತಿರುಗಿಸಿ ನಿಧಾನಕ್ಕೆ ತಂದರು. ಎಪ್ಪತ್ತರ ಹತ್ತಿರ ಬಂದಾಗ ನನ್ನ ಕೈ ತಾನಾಗಿ ಮೇಲೆದ್ದಿತು. ಅಲ್ಲಿ ಅವಳಿದ್ದಳು. ನನ್ನ ಅಮ್ಮ. ನಾನು ಅತ್ತೆ. ಅವರ ಹೆಂಡತಿ ನನ್ನ ಹೆಗಲ ಮೇಲೆ ಕೈ ಇಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಮೆಲ್ಲಗೆ ವಿವರಿಸಿದರು. ಎಪ್ಪತ್ತೆಂಟು ಎನ್ನುವುದು ಆಮೇಲೆ ಎಲ್ಲರೂ ಒಪ್ಪಿಕೊಂಡ ಅಂಕೆ. ಅದಕ್ಕೆ ಮೊದಲು ಎಪ್ಪತ್ತರಲ್ಲಿ ಕೊರೆದವರೂ ಇದ್ದರು, ಎಂಬತ್ತರಲ್ಲಿ ಕೊರೆದವರೂ ಇದ್ದರು. ಚಿಕ್ಕ ಕಂಪೆನಿಯವರ ಯಂತ್ರವನ್ನು ನಂಬುವ ಹಾಗಿಲ್ಲ. ಆದರೆ ಇಲ್ಲಿ ಹಾರ್ಮೋನಿಯಂ ಇರುವುದರಿಂದ ಒಂದು ದಾರಿ ಉಂಟು. ಹಾರ್ಮೋನಿಯಂ ಮನೆಯಿಂದ ಮನೆಗೆ, ಅಂದರೆ ಒಂದು ಬಿಳಿ ಅಥವಾ ಕಪ್ಪು ಪಟ್ಟಿಯಿಂದ ಪಕ್ಕದ್ದಕ್ಕೆ, ಹಾರುತ್ತದೆ, ನಡುವೆ ನಿಲ್ಲುವುದಿಲ್ಲ. ಎಪ್ಪತ್ತಕ್ಕೆ ಇಟ್ಟರೆ ಹಾಡಿನ ಶ್ರುತಿ ಮೂರನೇ ಬಿಳಿ ಪಟ್ಟಿಗೆ, ಬಿಳಿ ಮೂರಕ್ಕೆ, ಕೂರುತ್ತದೆ. ಎಪ್ಪತ್ತನಾಲ್ಕಕ್ಕೆ ಬಿಳಿ ನಾಲ್ಕು. ಎಪ್ಪತ್ತೆಂಟಕ್ಕೆ ಕಪ್ಪು ಮೂರು. ಮೂರರಲ್ಲಿ ಒಂದು ನಿಜ.

"ಯಾವುದು ಅಂತ ಯಂತ್ರ ಹೇಳುದಿಲ್ಲ ಟೀಚರ್. ನನ್ನ ಅಂದಾಜು ಎಪ್ಪತ್ತೆಂಟು. ಆದ್ರೆ ನಿಮ್ಮ ಅಪ್ಪ ಹೆಂಡತಿಯ ಸ್ವರ ಕೇಳಿದವರು, ನಾನು ಕೇಳಿದವನಲ್ಲ. ಅವ್ರನ್ನು ಕಿವಿಯಾರೆ ಕೇಳಿದವರು ಇನ್ನು ಯಾರಾದ್ರೂ ಇದ್ದಾರಾ?"

ಇದ್ದರು. ಒಬ್ಬರೇ ಒಬ್ಬರು.

ಚಿಕ್ಕಮ್ಮನಿಗೆ ತೊಂಬತ್ತೈದು ದಾಟಿದೆ. ಗುತ್ತಿಗಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಹೋಗಿಬರುವುದು ಕಮ್ಮಿಯಾಗಿತ್ತು. ನಾನೂ ಅಷ್ಟೊಂದು ಮನಸ್ಸು ಮಾಡಿರಲಿಲ್ಲ. ಬಾವಿಕಟ್ಟೆಯ ಆ ಬೆನ್ನು ನನಗೆ ಮರೆತಿರಲಿಲ್ಲ. ಸಾಹೇಬರು ತಾವೇ ಜೀಪು ಹೊರಡಿಸಿದರು. ರಿಪೇರಿಯಾದ ನಮ್ಮ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿದ ಹಾಗೆ ದಿಂಬುಗಳ ನಡುವೆ ಇಟ್ಟರು. ಎಪ್ಪತ್ತು, ಎಪ್ಪತ್ತೆಂಟು, ಎರಡೂ ಸ್ಪೀಡಿನ ಹಾಡನ್ನು ಫೋನಿಗೂ ಹಾಕಿಕೊಂಡಿದ್ದರು.

ದಾರಿಯಲ್ಲಿ ರಬ್ಬರ್ ಮರಗಳ ನಡುವೆ ಬಿಸಿಲು ಬೀಳುತ್ತಿತ್ತು. "ಟೀಚರ್, ಅವ್ರು ಕಪ್ಪು ಮೂರು ಅಂತ ಹೇಳಿದ್ರೆ ನೀವು ಎಂತ ಮಾಡ್ತೀರಿ?" ಎಂದು ಸಾಹೇಬರು ಕೇಳಿದರು. ನಾನು ಹಿಂದೆ ತಿರುಗಿ ಪೆಟ್ಟಿಗೆಯ ದಿಂಬು ಸರಿ ಮಾಡಿದೆ. ಎಂಬತ್ತು ವರ್ಷ ಜತೆಗಿದ್ದವಳು ನನ್ನ ಅಮ್ಮನೇ ಎಂದು ಒಬ್ಬರಾದರೂ ಹೇಳಲಿ. ಅದಷ್ಟೇ ನನಗೆ ಬೇಕಿತ್ತು.

ಚಿಕ್ಕಮ್ಮ ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿದ್ದರು. ಹಕ್ಕಿಯಷ್ಟಾಗಿದ್ದರು. ಅವರ ಮಗಳು ಕಿವಿಯ ಹತ್ತಿರ ಬಗ್ಗಿ ನಾನು ಯಾರೆಂದು ಹೇಳಿದಳು.

"ಗೊತ್ತಾಯ್ತು, ಕಿರಿಚಬೇಡ. ಬಲದ ಕಿವಿ ಸರಿ ಉಂಟು" ಎಂದು ಅವಳನ್ನು ಗದರಿ, ನನ್ನ ಕೈ ಹಿಡಿದುಕೊಂಡರು. "ನೀನು ಮುದುಕಿ ಆದಿಯಲ್ಲ ಮಗಾ! ಇಷ್ಟು ಸಮಯ ಬರ್ಲಿಲ್ಲ, ಇವತ್ತು ಎಂತ, ಆನೆ ನೋಡ್ಲಿಕ್ಕೆ ಬಂದದ್ದಾ? ಮೊನ್ನೆ ಬಂದು ಹಿಂದಿನ ಬಾಳೆ ಪೂರಾ ತಿಂದು ಹೋಯ್ತು. ನೀನು ತಡ ಮಾಡಿದಿ."

ನಗಾಡಿದೆವು. ಸಾಹೇಬರು ಪೆಟ್ಟಿಗೆಯನ್ನು ಒಳಗೆ ತಂದು ಮೇಜಿನ ಮೇಲಿಟ್ಟರು. ಚಿಕ್ಕಮ್ಮನ ನಗು ಅಲ್ಲೇ ನಿಂತಿತು. ಪೆಟ್ಟಿಗೆಯ ಗುರುತು ಅವರಿಗೆ ಹತ್ತಿತ್ತು. ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದರು. ಕಾಲು ಕೇಳಲಿಲ್ಲ.

"ಚಿಕ್ಕಮ್ಮ, ಒಂದು ಕೇಳ್ಲಿಕ್ಕೆ ಉಂಟು" ಎಂದೆ. "ಅಮ್ಮನ ನಿಜವಾದ ಸ್ವರ ಯಾವುದು ಅಂತ ನೀವು ಹೇಳಬೇಕು. ನಿಮ್ಮನ್ನು ಬಿಟ್ಟರೆ ಇನ್ನು ಯಾರೂ ಇಲ್ಲ."

ಸಾಹೇಬರು ಕೀ ಕೊಟ್ಟು, ಅರಗಿನ ನಡುವಿನ ಆ ಹಳೇ ವೇಗದಲ್ಲೇ ತಟ್ಟೆ ತಿರುಗಲು ಬಿಟ್ಟು, ಮುಳ್ಳು ಇಳಿಸಿದರು. ಮರಳಿನ ಸದ್ದು. ಮತ್ತೆ ಅಮ್ಮ. ಚಿಕ್ಕಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಎರಡನೇ ಸಾಲಿಗೆ ಕೈ ಎತ್ತಿ, "ಸಾಕು, ತೆಗೀರಿ" ಎಂದರು.

"ಇದು ನಿನ್ನ ಅಪ್ಪನ ಹೆಂಡತಿ. ನನ್ನ ಅಕ್ಕ ಅಲ್ಲ."

ಸಾಹೇಬರು ಫೋನಿನಲ್ಲಿ ಇನ್ನೊಂದನ್ನು ಹಾಕಿ ಅವರ ಬಲದ ಕಿವಿಗೆ ಹಿಡಿದರು. ಚಿಕ್ಕಮ್ಮನ ಎಡಗೈ ಮಡಿಲಲ್ಲಿ ಅಲುಗತೊಡಗಿತು. ಮುಂದೆ, ಹಿಂದೆ, ಮುಂದೆ, ಹಿಂದೆ. ಮೊದಲು ನನಗೆ ತಿಳಿಯಲಿಲ್ಲ. ಮತ್ತೆ ತಿಳಿಯಿತು. ಅವರು ತಿದಿ ಒತ್ತುತ್ತಿದ್ದರು.

"ಮಿಸ್ಸಿನ ಬೆರಳು ಕಪ್ಪು ಮೂರರಲ್ಲಿ" ಎಂದರು, ಹಾಡು ಮುಗಿಯುವ ಮೊದಲೇ. "ನಾನು ಎದುರು ಕೂತಿದ್ದೆ ಅಲ್ವಾ, ಬೆರಳನ್ನೇ ನೋಡ್ತಿದ್ದೆ. ಅಕ್ಕನನ್ನು ನೋಡಿದ್ರೆ ನಗು ಬರ್ತಿತ್ತು, ನಕ್ಕರೆ ಮಿಸ್ಸು ಕೊಲ್ತಿದ್ರು."

ಸಾಹೇಬರು ಫೋನಿನಲ್ಲಿ, ಮುಟ್ಟಿದರೆ ನುಡಿಯುವ ಹಾರ್ಮೋನಿಯಂನ ಚಿತ್ರ ತೆರೆದು ಮುಂದೆ ಹಿಡಿದರು. ಚಿಕ್ಕಮ್ಮ ಕಪ್ಪು ಮೂರರ ಮೇಲೆ ಬೆರಳಿಟ್ಟರು. ಸದ್ದು ಬರಲಿಲ್ಲ. ಒಣಗಿದ ಬೆರಳನ್ನು ಆ ಗಾಜು ಗುರುತಿಸಲಿಲ್ಲ. ಇನ್ನೊಮ್ಮೆ ಒತ್ತಿದರು. "ಇದರ ತಿದಿ ಒತ್ತುವವರು ಯಾರೂ ಇಲ್ವಾ?" ಎಂದರು. ಸಾಹೇಬರು ಅವರ ಬೆರಳಿನ ಪಕ್ಕದಲ್ಲಿ ತಮ್ಮ ಬೆರಳಿಟ್ಟು ಒತ್ತಿದರು. ಶ್ರುತಿ ಎದ್ದಿತು. ಅದರ ಮೇಲೆ ಹಾಡನ್ನು ಪುನಃ ಹಾಕಿದಾಗ ಎರಡೂ ಒಂದಕ್ಕೊಂದು ಕೂಡಿಕೊಂಡವು.

ಎಪ್ಪತ್ತೆಂಟು. ನಿಜ ಗೊತ್ತಾಯಿತು. ನಾನು ಸೋತವಳ ಹಾಗೆ ಕೂತಿದ್ದೆ.

"ಹಾಗಾದರೆ ಅಪ್ಪನಿಗೆ ಅಮ್ಮನ ಸ್ವರವೇ ನೆನಪಿರಲಿಲ್ಲವಾ?" ಎಂದೆ. ನನ್ನ ಮಾತಿನಲ್ಲಿ ಸಿಟ್ಟಿತ್ತು.

"ನೆನಪಿತ್ತು. ಅದೇ ಸಂಕಟ" ಎಂದರು ಚಿಕ್ಕಮ್ಮ. "ನಿಂಗೆ ಜ್ವರ ಅಂತ ಹೇಳಿದ್ದಲ್ವಾ. ಕ್ಷಯ ಅದು. ಆಗ ಹೆಸರು ಹೇಳ್ತಿರ್ಲಿಲ್ಲ. ಮೊದಲು ಎದೆ, ಮತ್ತೆ ಗಂಟಲಿಗೆ ಇಳಿಯಿತು. ಅಕ್ಕನನ್ನು ನಮ್ಮ ತವರಿಗೆ ಕರ್ಕೊಂಡು ಬಂದ್ರು, ನೋಡಿಕೊಂಡದ್ದು ನಾನು. ಸ್ವರ ದಿನ ಹೋದ ಹಾಗೆ ದಪ್ಪ ಆಯ್ತು, ಒಡೆದು ಹೋಯ್ತು. ಗಂಡಸರ ಹಾಗೆ. ಭಾವ ಶನಿವಾರ ಬಸ್ಸಲ್ಲಿ ಬಂದು ಬಾಗಿಲ ಹತ್ತಿರ ಕೂರುದು. ಅಕ್ಕ ಒಳಗಿಂದ ಮಾತಾಡುದು. ಕಡೆಗೆ ಅವ್ರು ಕೇಳಿದ್ದು ಆ ಸ್ವರವನ್ನೇ. ಅದು ಅವ್ರ ಕಿವಿಯಲ್ಲಿ ನಿಂತುಬಿಟ್ಟಿತು."

ಸಾಹೇಬರು ಎದ್ದು ಅಂಗಳಕ್ಕೆ ಹೋದರು.

"ಆ ಪೆಟ್ಟಿಗೆಯಲ್ಲಿ ಮೊದಲ ಸಲ ಕೇಳಿದಾಗ ನಂಗೆ ಆ ಕೋಣೆಯ ವಾಸನೆ ಬಂತು" ಎಂದರು ಚಿಕ್ಕಮ್ಮ. "ಹದಿನಾರರಲ್ಲಿ ಹಾಡಿದ ಹಾಡನ್ನು ಸಾಯುವ ಸ್ವರದಲ್ಲಿ ಕೇಳುದು ಹೇಗೆ? ಅದಕ್ಕೇ ಎದ್ದು ಹೋಗ್ತಿದ್ದೆ."

"ನೀವು ಹೇಳಬಹುದಿತ್ತಲ್ಲ, ಚಿಕ್ಕಮ್ಮ."

"ಯಾರಿಗೆ ಹೇಳುದು? ಭಾವ ಅದರೆದುರು ಕೂತದ್ದನ್ನು ನೀನು ನೋಡಿದ್ದಿಯಲ್ಲ. ನಿನ್ನ ಅಜ್ಜಿಯ ಕೋಳಿಗಳೇ ವಾಸಿ ಅಂತ ಸುಮ್ಮನಾದೆ."

ಇನ್ನೊಂದು ಪ್ರಶ್ನೆ ಇತ್ತು. ಕೇಳಬಾರದಿತ್ತೋ ಏನೋ. ಆ ದಿನಗಳಲ್ಲಿ ನಾನೆಲ್ಲಿದ್ದೆ ಎಂದು ಕೇಳಿದೆ.

"ನಿನ್ನನ್ನು ಹತ್ತಿರ ಬಿಡ್ತಿರ್ಲಿಲ್ಲ, ಡಾಕ್ಟ್ರು ಬೇಡ ಅಂದಿದ್ರು. ಭಾವ ಒಂದೆರಡು ಸಲ ಕರ್ಕೊಂಡು ಬಂದಿದ್ರು. ಬಾಗಿಲಿನಾಚೆ ನಾನು ನಿನ್ನನ್ನು ಎತ್ತಿಕೊಂಡು ನಿಂತೆ. ಅಕ್ಕ ಒಳಗಿಂದ ಕರೆದಳು, 'ಮಗಾ, ಮಗಾ' ಅಂತ. ನೀನು ಆ ಸ್ವರಕ್ಕೆ ಹೆದರಿ ಕಿಟಾರನೆ ಕಿರಿಚಿದಿ. ಎರಡನೇ ಸಲವೂ ಹಾಗೇ. ಮತ್ತೆ ಅವಳು ಕರೀಲಿಲ್ಲ. ನೀನು ಬಂದಾಗ ಬಾಯಿಗೆ ಸೆರಗು ಒತ್ತಿ ಹಿಡಿದು, ಸುಮ್ಮನೆ ನೋಡ್ತಿದ್ದಳು."

ಚಿಕ್ಕಮ್ಮನ ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ಹೊರಡುವಾಗ ಚಿಕ್ಕಮ್ಮ ಹಗುರ ಸ್ವರದ ಹಾಡನ್ನು ತಮ್ಮ ಮಗಳ ಫೋನಿಗೆ ಹಾಕಿಸಿಕೊಂಡರು. ನಾವು ಜೀಪು ಹತ್ತುವಾಗ ಜಗಲಿಯಿಂದ ಅದು ಕೇಳುತ್ತಿತ್ತು. ಹದಿನಾರರ ಆ ಹುಡುಗಿ ಹಾಡುತ್ತಿದ್ದಳು, ಮುದುಕಿ ತಂಗಿ ತಿದಿ ಒತ್ತುತ್ತಿದ್ದಳು. ಆ ಹುಡುಗಿಗೆ ಮದುವೆಯಾಗಿಲ್ಲ. ನಾನೆಂಬವಳು ಹುಟ್ಟುತ್ತೇನೆ ಎಂಬುದು ಅವಳಿಗೆ ಗೊತ್ತಿಲ್ಲ. ನನ್ನ ಮೊಮ್ಮಗಳಿಗಿಂತ ಚಿಕ್ಕವಳು. ಅವಳನ್ನು ಅಮ್ಮ ಎಂದು ಕರೆಯಲು ನನ್ನ ಬಾಯಿ ಏಳಲಿಲ್ಲ.

ಪುತ್ತೂರು ಮುಟ್ಟಿದ ಮೇಲೆ ಸಾಹೇಬರು ಪೆಟ್ಟಿಗೆಯನ್ನು ಒಳಗಿಟ್ಟು, "ಟೀಚರ್, ಲಿವರ್ ಸರಿ ಮಾಡಿ ಕೊಡುದಾ? ಅರಗನ್ನು ಒಂದು ಚಾಕುವಿನ ತುದಿಯಲ್ಲಿ ಎಬ್ಬಿಸಬಹುದು" ಎಂದರು.

"ಬೇಡ, ಇರಲಿ" ಎಂದೆ.

ಮುಂದಿನ ಭಾನುವಾರ ಊಟವಾದ ಮೇಲೆ ಪೆಟ್ಟಿಗೆ ತೆರೆದೆ. ಅರಗಿನ ಎರಡು ಹನಿಗಳು ಹಾಗೇ ಇದ್ದವು, ಒಂದರ ಮೇಲೆ ಅಪ್ಪನ ಹೆಬ್ಬೆರಳ ಗೆರೆಗಳು ಮೂಡಿದ್ದವು. ಅದನ್ನು ನಾನು ಮೊದಲು ಗಮನಿಸಿರಲಿಲ್ಲ. ನಿಂಬೆ ಮುಳ್ಳನ್ನು ಓರೆಯಾಗಿ ಕತ್ತರಿಸಿ, ಕೀ ಕೊಟ್ಟು, ಮೆಲ್ಲಗೆ ಇಳಿಸಿದೆ. ಜರಡಿಯ ಸದ್ದಿನಿಂದ ಅವಳು ಬಂದಳು. ಅದೇ ಸ್ವರ. ಜ್ವರ ಬಂದಾಗ ನನ್ನ ಹಣೆಯ ಹತ್ತಿರ ಕೂತ ಸ್ವರ. ದಪ್ಪ, ನಿಧಾನ. ಸಾಲಿನ ಕೊನೆಯಲ್ಲಿ ಉಸಿರು ಭಾರವಾಗಿ ಇಳಿಯುತ್ತಿತ್ತು. ಅದನ್ನು ಇಷ್ಟು ವರ್ಷ ಗಾಂಭೀರ್ಯ ಎಂದು ತಿಳಿದಿದ್ದೆ.

ಮೂರನೇ ಸಾಲಿಗೆ ನಾನು ಎದ್ದೆ. ಮುಳ್ಳು ಎತ್ತಲಿಲ್ಲ. ಹಾಡುವವಳ ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ, ಒಮ್ಮೆ ಮುಚ್ಚಿಸಿದ್ದು ಸಾಕು. ಹಿತ್ತಿಲ ಬಾಗಿಲು ತೆರೆದು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ. ಒಳಗೆ ಹಾಡು ಮುಗಿಯಲಿ ಎಂದು ಕಾಯುತ್ತ, ಒದ್ದೆಯಿಲ್ಲದ ಕೈಗಳನ್ನು ಸೆರಗಿಗೆ ಒರೆಸಿಕೊಂಡೆ.